ಬ್ರೇಕ್ ಹಿಡಿಯುತ್ತಿದೆ, ಆದರೂ ಪ್ಯಾಡ್ ಬದಲಿಸಬೇಕೇ?

ಕಾರನ್ನು ಸರ್ವಿಸ್‌ಗೆ ಬಿಟ್ಟಾಗ ಮೆಕ್ಯಾನಿಕ್ ಕೇಳುತ್ತಾನೆ: "ಮುಂದಿನ ಬ್ರೇಕ್ ಪ್ಯಾಡ್ ಸವೆದಿದೆ ಸಾರ್, ಹೊಸದು ಹಾಕಿಬಿಡಲಾ?" ಯಜಮಾನರ ಉತ್ತರವೂ ಸಿದ್ಧವಾಗಿರುತ್ತದೆ: "ಬ್ರೇಕ್ ಚೆನ್ನಾಗೇ ಹಿಡೀತಿದೆಯಲ್ಲಪ್ಪ, ಮುಂದಿನ ಸಲ ನೋಡೋಣ." ಇಬ್ಬರಲ್ಲಿ ಯಾರ ಮಾತು ಸರಿ? ಇದನ್ನು ತೀರ್ಮಾನಿಸಲು ಶಾಲೆಯಲ್ಲಿ ಓದಿದ ವಿಜ್ಞಾನ ಮತ್ತು ಒಂದು ಅಳತೆಪಟ್ಟಿ ಸಾಕು.

ಮೊದಲು ಬ್ರೇಕ್ ಮಾಡುವ ಕೆಲಸವನ್ನು ನೋಡೋಣ. ಚಕ್ರದ ಜೊತೆ ತಿರುಗುವ ಕಬ್ಬಿಣದ ಡಿಸ್ಕನ್ನು ಎರಡು ಪ್ಯಾಡ್‌ಗಳು ಎರಡೂ ಬದಿಯಿಂದ ಒತ್ತಿ ಹಿಡಿಯುತ್ತವೆ. ಕಾರಿನ ಚಲನಶಕ್ತಿ ಘರ್ಷಣೆಯಿಂದ ಶಾಖವಾಗುತ್ತದೆ. 1,000 ಕಿಲೋಗ್ರಾಂ ತೂಕದ ಕಾರು ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿದ್ದರೆ ಅದರ ಚಲನಶಕ್ತಿ ಸುಮಾರು 1,39,000 ಜೂಲ್. ಒಂದು ಲೀಟರ್ ನೀರಿನ ಉಷ್ಣತೆಯನ್ನು 33 ಡಿಗ್ರಿ ಸೆಲ್ಸಿಯಸ್‌ನಷ್ಟು ಏರಿಸಲು ಇಷ್ಟು ಶಕ್ತಿ ಸಾಕು! ವೇಗ 30ಕ್ಕೆ ಇಳಿದರೆ ಶಕ್ತಿ ಅರ್ಧವಲ್ಲ, ಕಾಲು ಭಾಗವಾಗುತ್ತದೆ. ಚಲನಶಕ್ತಿ ವೇಗದ ವರ್ಗಕ್ಕೆ ಅನುಗುಣವಾಗಿರುವುದೇ ಇದಕ್ಕೆ ಕಾರಣ.

ಈಗ ಮುಖ್ಯ ವಿಷಯಕ್ಕೆ ಬರೋಣ. ಘರ್ಷಣೆಯ ಬಲ ಎರಡನ್ನು ಅವಲಂಬಿಸಿದೆ: ಒತ್ತುವ ಬಲ ಮತ್ತು ಘರ್ಷಣಾ ಗುಣಾಂಕ. ಈ ಸೂತ್ರದಲ್ಲಿ ಪ್ಯಾಡ್‌ನ ದಪ್ಪ ಎಲ್ಲಿಯೂ ಬರುವುದಿಲ್ಲ. 10 ಮಿಲಿಮೀಟರ್ ದಪ್ಪವಿರುವ ಪ್ಯಾಡ್ ಹೇಗೆ ಹಿಡಿಯುತ್ತದೋ, 3 ಮಿಲಿಮೀಟರ್ ಉಳಿದ ಪ್ಯಾಡ್ ಕೂಡ ದಿನನಿತ್ಯದ ಓಡಾಟದಲ್ಲಿ ಹೆಚ್ಚುಕಡಿಮೆ ಹಾಗೆಯೇ ಹಿಡಿಯುತ್ತದೆ. ಯಜಮಾನರು ಮೋಸಹೋಗುವುದು ಇಲ್ಲಿಯೇ. "ಚೆನ್ನಾಗಿ ಹಿಡಿಯುತ್ತಿದೆ" ಎಂಬ ಮಾತು ನಿಜವಾದರೂ, ಪ್ಯಾಡ್ ಎಷ್ಟು ಉಳಿದಿದೆ ಎಂಬುದನ್ನು ಅದು ತಿಳಿಸುವುದಿಲ್ಲ.

ಹಾಗಾದರೆ ದಪ್ಪ ಏಕೆ ಬೇಕು? ಸವೆಯಲು ಬೇಕು, ಶಾಖ ತಡೆಯಲೂ ಬೇಕು. ಪದರ ತೆಳುವಾದಷ್ಟೂ ಡಿಸ್ಕ್‌ನ ಬಿಸಿ ಪಿಸ್ಟನ್ ಮೂಲಕ ಬ್ರೇಕ್ ಆಯಿಲ್‌ಗೆ ಸುಲಭವಾಗಿ ತಲುಪುತ್ತದೆ. ನಂದಿ ಬೆಟ್ಟದಂಥ ಇಳಿಜಾರಿನಲ್ಲಿ ಒಂದೇ ಸಮನೆ ಬ್ರೇಕ್ ತುಳಿದರೆ ಆಯಿಲ್ ಕುದಿದು ಆವಿಯ ಗುಳ್ಳೆಗಳು ಏಳಬಹುದು. ದ್ರವ ಕುಗ್ಗುವುದಿಲ್ಲ, ಆವಿ ಕುಗ್ಗುತ್ತದೆ. ಆಗ ಪೆಡಲ್ ಮೆತ್ತಗೆ ಒಳಕ್ಕೆ ಹೋಗುತ್ತದೆ, ಕಾರು ಮಾತ್ರ ನಿಲ್ಲುವುದಿಲ್ಲ. (ಇಳಿಜಾರಿನಲ್ಲಿ ಕಡಿಮೆ ಗೇರ್ ಬಳಸಿ ಎನ್ನುವುದು ಇದಕ್ಕಾಗಿಯೇ.) ಪದರ ಪೂರ್ತಿ ಮುಗಿದರೆ ಅದರ ಹಿಂದಿನ ಉಕ್ಕಿನ ತಗಡು ನೇರವಾಗಿ ಡಿಸ್ಕ್‌ಗೆ ಉಜ್ಜುತ್ತದೆ. ಹಿಡಿತ ತಪ್ಪುವುದಲ್ಲದೆ ಡಿಸ್ಕ್ ಕೂಡ ಹಾಳಾಗಿ ಖರ್ಚು ಹಲವು ಪಟ್ಟು ಏರುತ್ತದೆ.

ಎಷ್ಟು ಕಿಲೋಮೀಟರಿಗೆ ಬದಲಿಸಬೇಕು ಎಂದು ಅನೇಕರು ಕೇಳುತ್ತಾರೆ. ಎಲ್ಲರಿಗೂ ಹೊಂದುವ ಒಂದೇ ಅಂಕಿ ಇಲ್ಲ. ಜೆ.ಪಿ. ನಗರದಿಂದ ಬಿ.ಟಿ.ಎಂ. ಲೇಔಟ್ ದಾಟಿ ಸಿಲ್ಕ್ ಬೋರ್ಡ್ ಜಂಕ್ಷನ್‌ಗೆ ನಿತ್ಯ ಹೋಗಿಬರುವ ಕಾರು ಪ್ರತಿ ಕಿಲೋಮೀಟರಿಗೂ ಹಲವು ಸಲ ಬ್ರೇಕ್ ಹಾಕುತ್ತದೆ. ವಾರಕ್ಕೊಮ್ಮೆ ಮೈಸೂರು ಹೆದ್ದಾರಿಯಲ್ಲಿ ಓಡುವ ಕಾರಿಗೆ ಆ ಕಷ್ಟವಿಲ್ಲ. ಓಡಿದ ದೂರ ಒಂದೇ ಇದ್ದರೂ ಸವೆತ ಒಂದೇ ಅಲ್ಲ.

ಆದ್ದರಿಂದ ಅಳೆಯಿರಿ. ಹೊಸ ಪ್ಯಾಡ್‌ನ ಘರ್ಷಣಾ ಪದರ ಸಾಮಾನ್ಯವಾಗಿ 8ರಿಂದ 12 ಮಿ.ಮೀ. ಇರುತ್ತದೆ. ಹಿಂಬದಿಯ ಉಕ್ಕಿನ ತಗಡನ್ನು ಲೆಕ್ಕಕ್ಕೆ ಸೇರಿಸಬಾರದು. ಒಳಬದಿಯ ಪ್ಯಾಡ್ ಹೊರಬದಿಯದಕ್ಕಿಂತ ಬೇಗ ಸವೆದಿರಬಹುದು. ಆದ್ದರಿಂದ ಚಕ್ರ ಬಿಚ್ಚಿಸಿ ಎರಡನ್ನೂ ನೋಡಿ, ಕಡಿಮೆ ಇರುವುದನ್ನೇ ಲೆಕ್ಕಕ್ಕೆ ಹಿಡಿಯಿರಿ. 3 ಮಿ.ಮೀ.ಗೆ ಬಂದರೆ ಬದಲಿಸಿ, 2ಕ್ಕಿಂತ ಕೆಳಗೆ ಇಳಿಯಲು ಬಿಡಬೇಡಿ. ನಿಮ್ಮ ಕಾರಿನ ಕೈಪಿಡಿ ಬೇರೆ ಅಂಕಿ ಹೇಳಿದ್ದರೆ ಅದೇ ಅಂತಿಮ.

ವಿದ್ಯಾರ್ಥಿಗಳಿಗೆ ಒಂದು ಲೆಕ್ಕ. ಹೊಸದರಲ್ಲಿ 10 ಮಿ.ಮೀ. ಇದ್ದ ಪ್ಯಾಡ್ 20,000 ಕಿಲೋಮೀಟರಿಗೆ 6 ಮಿ.ಮೀ. ಆಗಿದೆ. ಅಂದರೆ 5,000 ಕಿಲೋಮೀಟರಿಗೆ 1 ಮಿ.ಮೀ. ಸವೆತ. ಸರ್ವಿಸ್ 10,000ಕ್ಕೊಮ್ಮೆ ಎಂದಿಟ್ಟುಕೊಳ್ಳಿ. 30,000ಕ್ಕೆ 4 ಮಿ.ಮೀ. ಉಳಿಯುತ್ತದೆ, ಆದ್ದರಿಂದ ಈಗ ಬದಲಿಸುವ ಆತುರವಿಲ್ಲ. ಆದರೆ 30,000ದ ಸರ್ವಿಸ್‌ನಲ್ಲಿ "4 ಇದೆ, ಪರವಾಗಿಲ್ಲ" ಎಂದು ಬಿಟ್ಟರೆ 40,000ಕ್ಕೆ ಬರುವಷ್ಟರಲ್ಲಿ 2ಕ್ಕೆ ಇಳಿದಿರುತ್ತದೆ. ಆಗ ಅಲ್ಲಿಯೇ ಬದಲಿಸಬೇಕು, ಇಲ್ಲವೇ ನಡುವೆ 35,000ಕ್ಕೆ ಮತ್ತೆ ಅಳೆಯಬೇಕು. ಕೇಳಬೇಕಾದ ಪ್ರಶ್ನೆ "ಈಗ ಎಷ್ಟಿದೆ?" ಎಂಬುದೊಂದೇ ಅಲ್ಲ, "ಮುಂದಿನ ಸಲ ಬರುವವರೆಗೆ ಸಾಕೇ?" ಎಂಬುದೂ ಹೌದು.

ಕೆಲವು ಲಕ್ಷಣಗಳನ್ನು ಕಂಡರೆ ಸರ್ವಿಸ್‌ವರೆಗೆ ಕಾಯಬಾರದು. ಅನೇಕ ಪ್ಯಾಡ್‌ಗಳಲ್ಲಿ ಸಣ್ಣ ಉಕ್ಕಿನ ಪಟ್ಟಿ ಇರುತ್ತದೆ. ಪ್ಯಾಡ್ ತೀರ ಸವೆದಾಗ ಅದು ಡಿಸ್ಕ್‌ಗೆ ತಾಗಿ ಕೀಚಲು ಸದ್ದು ಮಾಡುತ್ತದೆ. ಕೂಡಲೇ ತೋರಿಸಿ. ಗರಗರ ಎಂದು ಉಜ್ಜುವ ಸದ್ದು ಬಂದರೆ ಕಾರನ್ನು ಓಡಿಸಲೇಬೇಡಿ. ಬ್ರೇಕ್ ಆಯಿಲ್ ಮಟ್ಟ ನಿಧಾನವಾಗಿ ಇಳಿಯುವುದೂ ಸವೆತದ ಸೂಚನೆಯಾಗಿರಬಹುದು, ಸೋರಿಕೆಯೂ ಇರಬಹುದು. ಪರೀಕ್ಷಿಸದೆ ಸುಮ್ಮನೆ ಆಯಿಲ್ ಸುರಿದರೆ ಸೂಚನೆಯೇ ಅಳಿಸಿಹೋಗುತ್ತದೆ.

ಬದಲಿಸುವಾಗ ಎಡ ಬಲ ಎರಡೂ ಚಕ್ರಗಳಿಗೆ ಒಟ್ಟಿಗೇ ಬದಲಿಸಿ. ಇಲ್ಲದಿದ್ದರೆ ಬ್ರೇಕ್ ಹಾಕಿದಾಗ ಕಾರು ಒಂದು ಪಕ್ಕಕ್ಕೆ ಎಳೆಯಬಹುದು. ಹೊಸ ಪ್ಯಾಡ್ ಹಾಕಿಸಿದ ಮೇಲೆ, ಕಾರು ಹೊರಡುವ ಮುನ್ನ ಪೆಡಲ್ ಗಟ್ಟಿಯಾಗುವವರೆಗೆ ಕೆಲವು ಸಲ ಒತ್ತಬೇಕು.

ಮೆಕ್ಯಾನಿಕ್ ಮುಂದಿನ ಸಲ "ಸವೆದಿದೆ" ಎಂದರೆ ಹೆದರಿ ಒಪ್ಪಿಕೊಳ್ಳುವುದೂ ಬೇಡ, ಖರ್ಚು ಎಂದು ಮುಂದೂಡುವುದೂ ಬೇಡ. "ಎಷ್ಟು ಮಿಲಿಮೀಟರ್ ಉಳಿದಿದೆ, ತೋರಿಸಪ್ಪ" ಎಂದು ಕೇಳಿ. ಅಳತೆಪಟ್ಟಿ ಹಿಡಿಯುವ ಕೆಲಸವನ್ನು ಮಗನಿಗೋ ಮಗಳಿಗೋ ಕೊಡಿ. ಬೆಳಗ್ಗೆ ಶಾಲೆಗೆ ಹೋಗುವಾಗ ಆ ಕಾರಿನಲ್ಲಿ ಕೂರುವವರು ಅವರೇ. ಶಾಲೆಯ ಗೇಟಿನ ಮುಂದೆ ಅದಕ್ಕೆ ಅಡ್ಡ ಓಡಿಬರುವವರೂ ಅವರಂಥ ಮಕ್ಕಳೇ.