ದೇವರ ಹಾಡು ಬರೆದಾಕಿ ಕವಿಯಲ್ಲವೇ?

ಈಚೆಗೆ ನಮ್ಮ ಕಡೆಯ ಒಂದು ಸಾಹಿತ್ಯ ಕಾರ್ಯಕ್ರಮದಲ್ಲಿ ಭಾಷಣಕಾರರೊಬ್ಬರು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳ ಸಾಹಿತ್ಯ ಪರಂಪರೆಯ ಬಗ್ಗೆ ಮಾತನಾಡಿದರು. ಹರಪನಹಳ್ಳಿಯಲ್ಲಿ ಹುಟ್ಟಿದ ಬೀಚಿ ಬಂದರು, ಕೊಟ್ಟೂರಿನ ಕುಂ. ವೀರಭದ್ರಪ್ಪ ಬಂದರು. ಅರ್ಧ ಗಂಟೆಯಲ್ಲಿ ಒಬ್ಬ ಹೆಣ್ಣುಮಗಳ ಹೆಸರೂ ಬರಲಿಲ್ಲ. ಕೊನೆಗೆ ನಾನೇ ಎದ್ದು, ‘ಸರ್, ಹರಪನಹಳ್ಳಿ ಭೀಮವ್ವ?’ ಎಂದೆ. ‘ಆಕಿ ದೇವರ ಹಾಡು ಬರದಾಕಿ ಬಿಡ್ರೀ. ಸಾಹಿತಿ ಅಂತ ಹೆಂಗ ಅನ್ನೋದು?’ ಎಂದು ನಕ್ಕರು. ಸಭೆಯೂ ನಕ್ಕಿತು.

ಆ ನಗೆ ನನಗೆ ಇನ್ನೂ ಜೀರ್ಣವಾಗಿಲ್ಲ.

ಭೀಮವ್ವನ ಕಾಲ 1823ರಿಂದ 1903. ‘ಭೀಮೇಶಕೃಷ್ಣ’ ಆಕೆಯ ಅಂಕಿತ. ಆಕೆಯ ಕೀರ್ತನೆಗಳು, ಕಥನ ಹಾಡುಗಳು ಆರತಿ, ಹಬ್ಬ, ಮದುವೆಗಳಲ್ಲಿ ಹೆಂಗಸರ ಬಾಯಿಂದ ಬಾಯಿಗೆ ಉಳಿದು ಬಂದವು. ದೇವರ ಮೇಲೆ ಬರೆದದ್ದೇ ಅಡ್ಡಿಯಾದರೆ ಪುರಂದರದಾಸರನ್ನೂ ಕನಕದಾಸರನ್ನೂ ಪಠ್ಯದಿಂದ ತೆಗೆಯಬೇಕಾಗುತ್ತದೆ. ಅವರನ್ನು ಯಾರೂ ಮುಟ್ಟುವುದಿಲ್ಲ, ಮುಟ್ಟಲೂಬಾರದು. ಗಂಡಸು ಬರೆದರೆ ಅದು ದಾಸಸಾಹಿತ್ಯ, ಹೆಂಗಸು ಬರೆದರೆ ‘ಹೆಂಗಸರ ಹಾಡು’. ಅಡ್ಡಿಯಾಗಿರುವುದು ದೇವರಲ್ಲ.

ಹೆಣ್ಣು ಬರೆಯಬೇಕಾದರೆ ನಮ್ಮ ಸಮಾಜ ಒಂದು ಸುಂಕ ಕೇಳಿದೆ. ಭಕ್ತೆಯಾಗಿ ಬಾ, ಇಲ್ಲವೇ ಪತಿವ್ರತೆಯಾಗಿ ಬಾ ಎಂದಿದೆ. ಹದಿನೇಳನೆಯ ಶತಮಾನದಲ್ಲಿ ಚಿಕ್ಕದೇವರಾಜ ಒಡೆಯರ ಆಸ್ಥಾನದಲ್ಲಿದ್ದ ಸಂಚಿ ಹೊನ್ನಮ್ಮ ‘ಹದಿಬದೆಯ ಧರ್ಮ’ ಎಂಬ ಹೆಸರಿನಲ್ಲೇ ಆ ಸುಂಕ ಕಟ್ಟಿದಳು. ಒಳಗೆ ಮಾತ್ರ, ಹೆಣ್ಣೆಂದು ಯಾಕೆ ಕೀಳಾಗಿ ಕಾಣುತ್ತೀರಿ ಎಂದು ಕೇಳಿಯೇ ಬಿಟ್ಟಳು. ಬಾಲವಿಧವೆಯಾಗಿದ್ದ ನಂಜನಗೂಡು ತಿರುಮಲಾಂಬ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ತಮ್ಮ ಗ್ರಂಥಮಾಲೆಗೆ ಇಟ್ಟ ಹೆಸರು ‘ಸತೀಹಿತೈಷಿಣಿ’. ಅವರೂ ಸುಂಕ ಕಟ್ಟಿಯೇ ಒಳಗೆ ಬಂದವರು.

ಇದು ನಮ್ಮೊಬ್ಬರ ಕಥೆಯೂ ಅಲ್ಲ. ಸುಮಾರು 1900 ವರ್ಷಗಳ ಹಿಂದೆ ಚೀನಾದ ಬಾನ್ ಝಾವೋ, ಅಣ್ಣ ಅರ್ಧಕ್ಕೆ ಬಿಟ್ಟುಹೋದ ಹಾನ್ ರಾಜವಂಶದ ಚರಿತ್ರೆಯನ್ನು ಪೂರ್ತಿಗೊಳಿಸಿದ ವಿದ್ವಾಂಸೆ. ಸಮಾಜ ಆಕೆಯ ಹೆಸರಿಗೆ ಅಂಟಿಸಿದ್ದು ಮಾತ್ರ ಹೆಣ್ಣುಮಕ್ಕಳು ಹೇಗೆ ವಿನಯದಿಂದಿರಬೇಕು ಎಂದು ಆಕೆ ಬರೆದ ಸಣ್ಣ ಪುಸ್ತಕವನ್ನು. ಗಂಡುಮಕ್ಕಳಿಗಷ್ಟೇ ಓದು ಕಲಿಸುತ್ತೀರಿ, ಹೆಣ್ಣುಮಕ್ಕಳಿಗೆ ಯಾಕಿಲ್ಲ ಎಂದು ಅದರಲ್ಲೇ ಆಕೆ ಕೇಳಿದ್ದನ್ನು ನೆನೆದವರು ಕಡಿಮೆ. ಅದೇ ದೇಶದ ಹುನಾನ್ ಪ್ರಾಂತ್ಯದಲ್ಲಿ, ಗಂಡಸರ ಲಿಪಿ ಕಲಿಯಲು ಬಿಡದ ಹೆಂಗಸರು ‘ನ್ಯೂಷು’ ಎಂಬ ತಮ್ಮದೇ ಲಿಪಿಯನ್ನು ಬಳಸಿದರು. ಮದುವೆಯಾಗಿ ಹೋದ ಗೆಳತಿಗೆ ಅದರಲ್ಲೇ ಹಾಡು ಬರೆದು ಕಳಿಸಿದರು. ನಮ್ಮ ಹೆಂಗಸರಿಗೆ ಅಂಥ ಲಿಪಿ ಇರಲಿಲ್ಲ, ನೆನಪೇ ಲಿಪಿಯಾಗಿತ್ತು.

‘ಅದು ಆಗಿನ ಕಾಲ’ ಎನ್ನುವವರಿಗೆ ಈಗಿನ ಲೆಕ್ಕ ಹೇಳುತ್ತೇನೆ. 1915ರಿಂದ ನಡೆಯುತ್ತಿರುವ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಮೊದಲ ಮಹಿಳಾ ಅಧ್ಯಕ್ಷೆ, ಜಯದೇವಿತಾಯಿ ಲಿಗಾಡೆ, ಸಿಕ್ಕಿದ್ದು 1974ರಲ್ಲಿ. 2024ರ ಮಂಡ್ಯ ಸಮ್ಮೇಳನದವರೆಗಿನ 87ರಲ್ಲಿ ಮಹಿಳೆಯರು ಅಧ್ಯಕ್ಷರಾದದ್ದು ನಾಲ್ಕೇ ಬಾರಿ. 1955ರಿಂದ ಕೊಡುತ್ತಿರುವ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಕನ್ನಡದ ಲೇಖಕಿಯೊಬ್ಬರನ್ನು, ಗೀತಾ ನಾಗಭೂಷಣರನ್ನು, ತಲುಪಿದ್ದು 2004ರಲ್ಲಿ. ಕನ್ನಡಕ್ಕೆ ಬಂದ ಎಂಟು ಜ್ಞಾನಪೀಠಗಳಲ್ಲಿ ಒಂದೂ ಹೆಣ್ಣಿನದಲ್ಲ. ಇವರೆಲ್ಲ ಬರೆಯದೆ ಕೂತಿದ್ದರೇ?

ಭೀಮವ್ವನಿಗೆ ಅಂಕಿತವಾದರೂ ಇತ್ತು, ಹಾಡಿನ ಕೊನೆಯಲ್ಲಿ ಅದು ಉಳಿಯಿತು. ಹೊಲದಲ್ಲಿ, ಬೀಸುವ ಕಲ್ಲಿನ ಮುಂದೆ ಹಾಡು ಕಟ್ಟಿದವರಿಗೆ ಅದೂ ಇಲ್ಲ. ಅವರ ಹಾಡುಗಳನ್ನು ಬರೆದುಕೊಂಡು ‘ಜನಪದ’ ಎಂದು ಅಚ್ಚು ಹಾಕುತ್ತೇವೆ, ಹಾಡಿದಾಕೆಯ ಹೆಸರು ಬಿಟ್ಟುಹೋಗುತ್ತದೆ. ಪಕ್ಕದ ಸಂಡೂರು ತಾಲ್ಲೂಕಿನ ಬುರ್ರಕಥಾ ಈರಮ್ಮ ಓದು ಬರಹವಿಲ್ಲದೆಯೂ ದೊಡ್ಡ ದೊಡ್ಡ ಕಥನಗಳನ್ನು ಬಾಯಲ್ಲೇ ಹೊತ್ತಿದ್ದರು. ಅವರ ಹೆಸರು ಉಳಿಯಿತು. ಹೆಸರಿಲ್ಲದೆ ಹೋದವರನ್ನು ಎಣಿಸುವವರು ಯಾರು?

ಹರಪನಹಳ್ಳಿ ಬಳ್ಳಾರಿಗೋ ದಾವಣಗೆರೆಗೋ ಎಂದು ವರ್ಷಗಟ್ಟಲೆ ವಾದಿಸಿದವರು ನಾವು. ಈಗ ಐದೂ ತಾಲ್ಲೂಕುಗಳು ವಿಜಯನಗರ ಜಿಲ್ಲೆಯಲ್ಲಿವೆ. ಅದೇ ಹುರುಪಿನಲ್ಲಿ ಭೀಮವ್ವ ಯಾರಿಗೆ ಸೇರಿದವಳು ಎಂದೂ ವಾದಿಸೋಣ. ಆಕೆ ಭಜನಾ ಮಂಡಳಿಗೆ ಮಾತ್ರ ಸೇರಿದವಳಲ್ಲ, ಕನ್ನಡ ತರಗತಿಗೂ ಸೇರಿದವಳು. ಇಲ್ಲಿನ ಪದವಿ ಕಾಲೇಜುಗಳಲ್ಲಿ ಆಕೆಯ ಕಥನ ಹಾಡನ್ನು ಕಾವ್ಯವೆಂದೇ ಓದಿಸಬೇಕು. ಚೆನ್ನಾಗಿಲ್ಲದ ಕಡೆ ಚೆನ್ನಾಗಿಲ್ಲ ಎನ್ನಲೂ ಬೇಕು. ಕೈಮುಗಿದು ಬದಿಗಿಡುವುದಕ್ಕಿಂತ ಅದು ದೊಡ್ಡ ಗೌರವ.

ವಿದ್ಯಾರ್ಥಿ ಮಿತ್ರರೇ, ಅಲ್ಲಿಯವರೆಗೆ ಕಾಯಬೇಡಿ. ರಜೆಗೆ ಊರಿಗೆ ಹೋದಾಗ ಅಜ್ಜಿಯ ಹಾಡನ್ನು ಮೊಬೈಲಿನಲ್ಲಿ ಹಿಡಿದಿಡಿ. ಹಾಡಿಗಿಂತ ಮೊದಲು ಅಜ್ಜಿಯ ಹೆಸರು, ತವರೂರು, ಯಾರಿಂದ ಕಲಿತರು ಎಂಬುದನ್ನು ಬರೆದುಕೊಳ್ಳಿ. ಮುಂದಿನ ಸಲ ಯಾರಾದರೂ ವೇದಿಕೆ ಮೇಲೆ ನಕ್ಕರೆ, ಎದ್ದು ನಿಲ್ಲುವವಳು ನಾನೊಬ್ಬಳೇ ಆಗಬಾರದು.