ಕೆರೆ ನೀರು ಹಸಿರಾದರೆ ಹೇಳೋರ್ಯಾರು?

ಹೇಮಾವತಿ ನಾಲೆಯಲ್ಲಿ ನೀರು ಬಂದಾಗ ಬುಗುಡನಹಳ್ಳಿ ಕೆರೆ ತುಂಬಿಸಿಕೊಳ್ಳುವುದು, ಆಮೇಲೆ ತಿಂಗಳುಗಟ್ಟಲೆ ಅದನ್ನೇ ಕುಡಿಯುವುದು. ಇದು ತುಮಕೂರಿನ ಬಾಳು. ಕೆರೆಯಲ್ಲಿ ಎಷ್ಟು ನೀರಿದೆ ಎಂಬ ಲೆಕ್ಕ ಊರಿಗೆಲ್ಲ ಬೇಕು. ಆ ನೀರಿನಲ್ಲಿ ಏನು ಬೆಳೀತಾ ಇದೆ ಎಂಬ ಲೆಕ್ಕ ಬೇಡವೇ?

ನಿಂತ ನೀರು, ಬೇಸಿಗೆ ಬಿಸಿಲು, ಹೊಲದ ಗೊಬ್ಬರ, ಚರಂಡಿಯ ಕೊಳೆ. ಇಷ್ಟು ಕೂಡಿದರೆ ಯಾವ ಕೆರೆಯಲ್ಲಾದರೂ ನೀಲಿ-ಹಸಿರು ಪಾಚಿಗೆ ಹಬ್ಬ. ಎಲ್ಲ ಪಾಚಿಯೂ ಕೆಟ್ಟದ್ದಲ್ಲ. ಆದರೆ ಮೈಕ್ರೋಸಿಸ್ಟಿಸ್ ಎಂಬ ಜಾತಿಯದು ಯಕೃತ್ತಿಗೆ ಹಾನಿ ಮಾಡುವ ವಿಷ ಬಿಡಬಲ್ಲದು. ‘ಕಾಯಿಸಿ ಕುಡಿದರಾಯ್ತು ಬಿಡಿ’ ಅನ್ನುವಂತೆಯೂ ಇಲ್ಲ. ಕುದಿಸಿದರೆ ನೀರು ಇಂಗುತ್ತದೆ, ವಿಷ ಉಳಿಯುತ್ತದೆ. 2014ರ ಆಗಸ್ಟ್‌ನಲ್ಲಿ ಅಮೆರಿಕದ ಟೊಲೀಡೊ ನಗರದಲ್ಲಿ ಆದದ್ದು ಇದೇ. ಈರಿ ಸರೋವರದ ಪಾಚಿಯ ವಿಷ ನಲ್ಲಿಗೇ ಬಂದು, 4 ಲಕ್ಷಕ್ಕೂ ಹೆಚ್ಚು ಜನ ಎರಡು ದಿನಕ್ಕೂ ಮಿಕ್ಕಿ ನಲ್ಲಿ ನೀರು ಮುಟ್ಟದೆ ಬಾಟಲಿ ನೀರಿಗೆ ಕ್ಯೂ ನಿಂತರು.

ಪಾಚಿಯ ಬಣ್ಣ ಕಣ್ಣಿಗೆ ಕಾಣುವ ಹೊತ್ತಿಗೆ ತಡವಾಗಿರುತ್ತದೆ. ಮೊದಲೇ ಕಾಣಬೇಕೆಂದರೆ ಸೂಕ್ಷ್ಮದರ್ಶಕದಡಿ ಕೂತು ಒಂದೊಂದನ್ನೇ ಎಣಿಸಬೇಕು. ತಾನೇ ಎಣಿಸುವ ಯಂತ್ರಗಳ ಬೆಲೆಯೋ, ಹತ್ತಾರು ಸಾವಿರ ಡಾಲರು!

ಈಗ ಅಗ್ಗದ ದಾರಿಯೊಂದಿದೆ. ಕಾನ್ಪುರ ಐಐಟಿಯಲ್ಲಿ ಓದಿದ ಮನು ಪ್ರಕಾಶ್ ಅವರ ಸ್ಟ್ಯಾನ್‌ಫರ್ಡ್ ಪ್ರಯೋಗಾಲಯದಿಂದ ಬಂದ ‘ಪ್ಲಾಂಕ್ಟೋಸ್ಕೋಪ್’ ಇದಕ್ಕೆ ಉದಾಹರಣೆ. ಪುಟ್ಟ ಪಂಪು ನೀರನ್ನು ತೆಳು ಗಾಜಿನ ಸಂದಿಯಲ್ಲಿ ಹರಿಸುತ್ತದೆ. ಕ್ಯಾಮೆರಾ ಫೋಟೋ ಹೊಡೆಯುತ್ತ ಹೋಗುತ್ತದೆ. ಅಂಗೈಯಗಲದ ಕಂಪ್ಯೂಟರು ಚಿತ್ರದಿಂದ ಒಂದೊಂದು ಜೀವಿಯನ್ನೂ ಬಿಡಿಸಿ ಅಳತೆ ಬರೆದಿಡುತ್ತದೆ. ಬಿಡಿಭಾಗಗಳ ಖರ್ಚು 1,000 ಡಾಲರಿಗಿಂತ ಕಡಿಮೆ. ನಕ್ಷೆಗೆ ಗುಟ್ಟಿಲ್ಲ, ಯಾರು ಬೇಕಾದರೂ ಕಟ್ಟಿಕೊಳ್ಳಬಹುದು.

ಹಾಗೆಂದು ಇದು ಮಂತ್ರದಂಡವಲ್ಲ. ತೀರಾ ಸಣ್ಣ ಜೀವಕೋಶಗಳು ಇದರ ಕಣ್ಣು ತಪ್ಪಿಸುತ್ತವೆ. ಪಾಚಿ ಹೆಚ್ಚಿತೆಂದು ಹೇಳೀತೇ ಹೊರತು ವಿಷ ಇದೆಯೇ ಎಂದು ಹೇಳದು. ಅದಕ್ಕೆ ಪ್ರಯೋಗಾಲಯದ ಪರೀಕ್ಷೆಯೇ ಆಗಬೇಕು. ಆದರೆ ಆ ಪರೀಕ್ಷೆ ಯಾವಾಗ ಮಾಡಿಸಬೇಕೆಂದು ಎಚ್ಚರಿಸುವ ಕಾವಲುಗಾರ ಇದಾದೀತು.

ತುಮಕೂರಿನಲ್ಲಿ ವಿಶ್ವವಿದ್ಯಾನಿಲಯವಿದೆ, ವಿಜ್ಞಾನ ಕಾಲೇಜುಗಳಿವೆ. ಸಸ್ಯಶಾಸ್ತ್ರದ ಹುಡುಗರು ಜಾತಿ ಗುರುತಿಸಲಿ, ಎಂಜಿನಿಯರಿಂಗ್ ಹುಡುಗರು ಯಂತ್ರ ಜೋಡಿಸಲಿ. ಮಹಾನಗರ ಪಾಲಿಕೆ ಖರ್ಚು ಕೊಡಲಿ. ವಾರಕ್ಕೊಂದು ಬಾಟಲಿ ಕೆರೆ ನೀರು, ಪಾಲಿಕೆ ಬಾಗಿಲಲ್ಲಿ ಒಂದು ಬೋರ್ಡು, ಅದರ ಮೇಲೆ ಈ ವಾರದ ಲೆಕ್ಕ. ಇಷ್ಟು ಸಾಕು.

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿ ಪ್ರಯೋಜನವಿಲ್ಲ. ಬರುವ ಬೇಸಿಗೆಗೆ ಮೊದಲೇ ಪಾಲಿಕೆಯವರು ಇತ್ತ ಕಣ್ಣು ಹಾಯಿಸುವರೇ?