‘ಸ್ವಲ್ಪ ಬೆಳ್ಳಗ ಮಾಡ್ಲೇನ್ರಿ ಅಕ್ಕಾರ?’

ನಿಮ್ಮೊಬ್ಬರದೇ ಆದ ಒಂದು ಒಳ್ಳೆ ಫೋಟೊ ಮನೆಯಲ್ಲಿದೆಯಾ? ಮದುವೆ ಆಲ್ಬಮ್ಮಿನದಲ್ಲ. ಆಧಾರ್ ಕಾರ್ಡಿನದಂತೂ ಬೇಡವೇ ಬೇಡ. ನೀವಾಗಿಯೇ ಸ್ಟುಡಿಯೊಗೆ ಹೋಗಿ, ಸ್ಟೂಲಿನ ಮೇಲೆ ಕೂತು ತೆಗೆಸಿಕೊಂಡದ್ದು?

ಗೋಕಾಕದ ನಮ್ಮ ದೊಡ್ಡವ್ವ ತೀರಿಕೊಂಡಾಗ ಹಾರ ಹಾಕಲು ಒಂದು ಫೋಟೊ ಸಿಗಲಿಲ್ಲ. ಟ್ರಂಕು ತೆಗೆದೆವು, ಆಲ್ಬಮ್ ತಿರುವಿದೆವು. ಎಲ್ಲದರಲ್ಲೂ ಅವರು ಯಾರದೋ ಹೆಗಲ ಹಿಂದೆ, ಇಲ್ಲವೇ ಹೋಳಿಗೆ ಬುಟ್ಟಿ ಹಿಡಿದು ಅರ್ಧ ಮುಖದಲ್ಲಿ. ಕೊನೆಗೆ ಒಂದು ಗ್ರೂಪ್ ಫೋಟೊದಿಂದ ಅವರ ಮುಖ ಮಾತ್ರ ಕತ್ತರಿಸಿ ದೊಡ್ಡದು ಮಾಡಿಸಿದ್ದಾಯ್ತು. ಸ್ಟುಡಿಯೊದವರು ಕೇಳದೆಯೇ ಬಣ್ಣವನ್ನೂ ತಿದ್ದಿಕೊಟ್ಟಿದ್ದರು. ಎಣ್ಣೆಗಪ್ಪಿನ ದೊಡ್ಡವ್ವ ಹಾಲಿನ ಹಾಗೆ ಬೆಳ್ಳಗಾಗಿದ್ದರು. ‘ಇವರ‍್ಯಾರು?’ ಅಂದಳು ಸ್ವಂತ ಮೊಮ್ಮಗಳು.

ಅಂದಿನಿಂದ ಕಂಡಕಂಡವರಿಗೆಲ್ಲ ಫೋಟೊ ತೆಗೆಸಿಕೊಳ್ಳಿ ಅಂತ ಬೆನ್ನು ಹತ್ತುತ್ತೇನೆ. ಹೋದ ವರ್ಷ ಮೂಡಲಗಿಯ ನಾದಿನಿ ಸಿಕ್ಕಳು. ಜೋಳದ ರೊಟ್ಟಿ, ಶೇಂಗಾ ಚಟ್ನಿ ಮಾಡಿ ಮಾರುತ್ತಾಳೆ, ಪ್ಯಾಕೆಟ್ ಮೇಲೆ ಹಾಕಲು ಮುಖ ಬೇಕಿತ್ತು. ಹುಕ್ಕೇರಿಯ ಗೆಳತಿಗೆ ಐವತ್ತು ತುಂಬಿತ್ತು. ಮೂವರೂ ಗೋಕಾಕದಲ್ಲಿ ಸೇರಿದೆವು.

ನಾದಿನಿ ಹಿಂದಿನ ಸಂಜೆಯೇ ಫೇಶಿಯಲ್ ಮಾಡಿಸಿಕೊಂಡು ಕೆನ್ನೆ ಕೆಂಪಗೆ ಮಾಡಿಕೊಂಡು ಬಂದಿದ್ದಳು. ಗೆಳತಿ ಬೆಳಿಗ್ಗೆ ಎದ್ದು ಡೈ ಹಚ್ಚಿ ಹಣೆಯಂಚಿಗೆ ಕರಿಗೆರೆ ಎಳೆದುಕೊಂಡಿದ್ದಳು. ನೀವು ಹೀಗೆ ಮಾಡಬೇಡಿ. ಫೇಶಿಯಲ್, ಬ್ಲೀಚ್ ಏನಿದ್ದರೂ ಒಂದು ವಾರ ಮೊದಲೇ ಮುಗಿಸಿ. ಹುಬ್ಬಿನ ಥ್ರೆಡಿಂಗ್ ಎರಡು ಮೂರು ದಿನ ಮುಂಚೆ ಆಗಲಿ. ಡೈ ನಾಲ್ಕು ದಿನ ಮೊದಲು, ಅದೂ ಕಿವಿಯ ಹಿಂದೆ ಸ್ವಲ್ಪ ಹಚ್ಚಿ 48 ಗಂಟೆ ಕಾದು ನೋಡಿದ ಮೇಲೆ. ಹಿಂದಿನ ರಾತ್ರಿ ಹಪ್ಪಳ, ಉಪ್ಪಿನಕಾಯಿ ಕಡಿಮೆ ಮಾಡಿ ಬೇಗ ಮಲಗಿದರೆ ಕಣ್ಣಿನ ಕೆಳಗಿನ ಊತವೂ ಕಡಿಮೆ. ಪೌಡರ್ ಕೈ ಬಿಗಿ ಹಿಡಿದು ಹಚ್ಚಿ. ಝಿಂಕ್ ಆಕ್ಸೈಡ್ ಇರುವ ಸನ್‌ಸ್ಕ್ರೀನ್ ಕೂಡ ಫ್ಲ್ಯಾಶ್ ಬಿದ್ದಾಗ ಮುಖಕ್ಕೆ ಬೂದಿ ಬಳಿದಂತೆ ಕಾಣಿಸಬಹುದು.

ಸೀರೆಯ ಮಾತಿಗೆ ಬರೋಣ. ಇಳಕಲ್ ಸೀರೆ ಮುಖಕ್ಕೆ ಒಂದು ಗತ್ತು ಕೊಡುತ್ತದೆ, ಇದರಲ್ಲಿ ನಾನು ಪಕ್ಷಪಾತಿ. ಆದರೆ ತೀರಾ ಸಣ್ಣ ಚೌಕಳಿಯದು ಬೇಡ. ಡಿಜಿಟಲ್ ಕ್ಯಾಮೆರಾದಲ್ಲಿ ಸಣ್ಣ ಚೌಕಳಿ, ಸಣ್ಣ ಪಟ್ಟೆಗಳು ಅಲೆ ಅಲೆಯಾಗಿ ಕುಣಿಯುತ್ತವೆ. ತುಂಬಿದ ಒಂದೇ ಬಣ್ಣದ ಒಡಲಿನದನ್ನು ಉಟ್ಟು, ಸೆರಗು ಮುಂದಕ್ಕೆ ತನ್ನಿ; ಕೆಂಪು ಸೆರಗಿನ ಬಿಳಿ ತೆನಿ ಬೆನ್ನ ಹಿಂದೆ ಅಡಗಿದರೆ ಏನು ಬಂತು? ದಿನಾ ಕನ್ನಡಕ ಹಾಕುವವರು ಅದನ್ನು ತೆಗೆಯಬೇಡಿ. ಹೊಳಪು ಬೀಳುತ್ತಿದ್ದರೆ ಕಿವಿಯ ಮೇಲಿನ ಕಡ್ಡಿಯನ್ನು ಚೂರು ಎತ್ತಿದರೆ ಸಾಕು.

ಗೆಳತಿಗೆ ಫಾಲ್ಸ್ ಹತ್ತಿರ ತೆಗೆಸುವ ಆಸೆ. ಹೋಗಿದ್ದು ಮಟಮಟ ಮಧ್ಯಾಹ್ನ! ನೆತ್ತಿಯ ಬಿಸಿಲಿಗೆ ಕಣ್ಣು ಗುಳಿ ಬಿದ್ದಂತೆ ಬಂತು. ಮಳೆಗಾಲದಲ್ಲಿ ಘಟಪ್ರಭೆ ತುಂಬಿ 52 ಮೀಟರ್ ಎತ್ತರದಿಂದ ಧುಮುಕುವಾಗ ತುಂತುರು ಬೇರೆ, ಬಾಚಿದ ಕೂದಲೆಲ್ಲ ಅಂಟಿಕೊಳ್ಳುತ್ತದೆ. ಹೋಗುವುದಾದರೆ ಬೆಳಿಗ್ಗೆ ಒಂಬತ್ತರೊಳಗೆ ಅಥವಾ ಇಳಿಹೊತ್ತಿಗೆ ಹೋಗಿ. ಬಂಡೆಯ ಅಂಚಿಗಂತೂ ಬೇಡ.

ಕೊನೆಗೆ ಸ್ಟುಡಿಯೊಗೇ ಬಂದೆವು. ಫೋಟೊ ಚೆನ್ನಾಗಿಯೇ ಬಂತು. ಕಂಪ್ಯೂಟರ್ ಮುಂದೆ ಕೂತ ಹುಡುಗ ತಲೆ ಎತ್ತದೆ ಕೇಳಿದ, ‘ಸ್ವಲ್ಪ ಬೆಳ್ಳಗ ಮಾಡ್ಲೇನ್ರಿ ಅಕ್ಕಾರ?’

ಮಾಡು ಅನ್ನಲು ನಾದಿನಿ ಬಾಯಿ ತೆರೆದಿದ್ದಳು. ನಾನು ತಡೆದೆ. ಅವನ ತಪ್ಪೇನಿಲ್ಲ, ಬಂದವರೆಲ್ಲ ಅದನ್ನೇ ಕೇಳುತ್ತಾರಂತೆ. ‘ಫೇರ್ ಅಂಡ್ ಲವ್ಲಿ’ ಕಂಪನಿಯೇ 2020ರಲ್ಲಿ ಹೆಸರಿನಿಂದ ‘ಫೇರ್’ ತೆಗೆದು ‘ಗ್ಲೋ’ ಸೇರಿಸಿತು. ನಮ್ಮ ತಲೆಯೊಳಗಿನ ಟ್ಯೂಬ್ ಮಾತ್ರ ಇನ್ನೂ ಹಳೆಯದೇ. ಮೊನ್ನೆ ಎದ್ದ ಮೊಡವೆಯನ್ನು ಅಳಿಸಲಿ, ಅದು ನಾಳೆ ಹೇಗೂ ಹೋಗುತ್ತದೆ. ಮೈಬಣ್ಣ, ಸಿಡುಬಿನ ಕಲೆ, ನಕ್ಕಾಗ ಬೀಳುವ ಗೆರೆ ಅಳಿಸಿದರೆ ಉಳಿಯುವುದು ಯಾರ ಮುಖ? ನಾದಿನಿಯ ಮಗಳೂ ಅವಳದೇ ಬಣ್ಣ. ಪ್ಯಾಕೆಟ್ ಮೇಲಿನ ಬಿಳಿ ಅಮ್ಮನನ್ನು ದಿನಾ ನೋಡಿ ಆ ಹುಡುಗಿ ತನ್ನ ಬಗ್ಗೆ ಏನಂದುಕೊಳ್ಳಬೇಕು? ಅದಕ್ಕೇ ಬಣ್ಣ ತಿದ್ದಬೇಡಿ ಅಂತ ಕ್ಯಾಮೆರಾ ಮುಂದೆ ಕೂರುವ ಮೊದಲೇ ಹೇಳಿಬಿಡಿ, ಪ್ರಿಂಟ್ ಹಾಕುವ ಮುಂಚೆ ಸ್ಕ್ರೀನಿನಲ್ಲಿ ನೋಡಿ ಖಾತ್ರಿ ಮಾಡಿಕೊಳ್ಳಿ.

‘ಬ್ಯಾಡಪ್ಪಾ, ಇದ್ದಂಗ ಇರ್ಲಿ’ ಅಂದಳು ನಾದಿನಿ. ಪ್ಯಾಕೆಟ್ಟಿಗೆ ಸಣ್ಣದು ಮಾಡಿಸುವುದರ ಜೊತೆಗೆ ಒಂದು ದೊಡ್ಡ ಪ್ರಿಂಟಿಗೂ ಫ್ರೇಮ್ ಹಾಕಿಸಿದಳು. ‘ಜೀವಂತ ಇದ್ದಾಕಿ ಫೋಟೊ ಗ್ವಾಡಿಗೆ ಹಾಕ್ತಾರೇನ?’ ಅಂತ ನಮ್ಮತ್ತೆ ಮೂರು ದಿನ ಗೊಣಗಿದರು. ನಾಲ್ಕನೇ ದಿನ ಅವರೇ ನನ್ನನ್ನು ಕರೆದು, ಆ ಸ್ಟುಡಿಯೊ ಎಲ್ಲೈತಿ ಅಂತ ಕೇಳಿದರು.